ಓದುಗರ ಪ್ರಶ್ನೆಗಳು: ನಡುವಯಸ್ಸಿನಲ್ಲಿ ಅಲುಗಾಡುವ ವಿಶ್ವಾಸ

ಹುಟ್ಟಿನಿಂದ ಕ್ರೈಸ್ತರಾಗಿ ಬೆಳೆದು, ದೊಡ್ಡವರಾದ ಮೇಲೆ ನಂಬಿಕೆಯ ಬಗ್ಗೆ ಅನುಮಾನ ಹುಟ್ಟಿದವರ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಯಾರ ಹೆಸರನ್ನೂ ಹಾಕಿಲ್ಲ. ಬೈಬಲ್ ಅಧ್ಯಯನ, ಚರ್ಚಿನ ಕಾನೂನು, ಆಪ್ತಸಮಾಲೋಚನೆ ಬಲ್ಲವರು ಉತ್ತರಿಸಿದ್ದಾರೆ.

ಸಂಡೇ ಸ್ಕೂಲಿನಲ್ಲಿ ವರ್ಷಗಟ್ಟಲೆ ಪಾಠ ಹೇಳಿದವಳು ನಾನು. ಈಗ ಸತ್ಯವೇದವನ್ನು ಮೊದಲಿಂದ ಕೊನೆಯವರೆಗೆ ಓದಲು ಹೊರಟು ಪೇಚಿಗೆ ಸಿಕ್ಕಿದ್ದೇನೆ. ಒಂದು ಕಡೆ ಇರುವುದು ಇನ್ನೊಂದು ಕಡೆಗೆ ತಾಳೆಯಾಗುವುದಿಲ್ಲ. ಅಯ್ಯನವರನ್ನು ಕೇಳಿದರೆ “ಪ್ರಾರ್ಥನೆ ಮಾಡಿ ಓದಮ್ಮಾ” ಅಂದರು. ಒಂದು ತಪ್ಪಿದ್ದರೂ ಎಲ್ಲ ಸುಳ್ಳು ಎಂದು ಕಲಿತು ಬಂದವರು ನಾವು. ಈಗೇನು ಮಾಡಲಿ? (ಧಾರವಾಡ ಜಿಲ್ಲೆ, ಪ್ರೊಟೆಸ್ಟಂಟರ ಸಿಎಸ್‌ಐ ಸಭೆ)

ನೀವು ಕಂಡದ್ದು ನಿಮ್ಮ ಕಣ್ಣಿನ ದೋಷವಲ್ಲ. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಸುವಾರ್ತೆಗಳಿಗೆ ನಾಲ್ಕು ಕಾಲಂ ಹಾಕಿ, ಯೇಸುವಿನ ಸಮಾಧಿಯ ಬಳಿ ನಡೆದದ್ದನ್ನು ಬರೆದು ನೋಡಿ. ಮಾರ್ಕ 16ರಲ್ಲಿ ಹೋದವರು ಮೂವರು ಹೆಂಗಸರು, ಕಂಡದ್ದು ಒಬ್ಬ ಯೌವನಸ್ಥ. ಮತ್ತಾಯ 28ರಲ್ಲಿ ಇಬ್ಬರು ಮರಿಯರು, ಒಬ್ಬ ದೇವದೂತ. ಲೂಕ 24ರಲ್ಲಿ ಯೋಹಾನಳೂ ಬೇರೆ ಹೆಂಗಸರೂ ಇದ್ದಾರೆ, ಕಂಡವರು ಇಬ್ಬರು. ಯೋಹಾನ 20ರಲ್ಲಿ ಮಗ್ದಲದ ಮರಿಯಳೊಬ್ಬಳದೇ ಹೆಸರು. ಇನ್ನು ಮುಂದೆ ಬನ್ನಿ: ಮಾರ್ಕ 16:8ರಲ್ಲಿ ಆ ಹೆಂಗಸರು ಹೆದರಿ ಯಾರಿಗೂ ಏನೂ ಹೇಳಲಿಲ್ಲ, ಮತ್ತಾಯ 28:8ರಲ್ಲಿ ಶಿಷ್ಯರಿಗೆ ಹೇಳಲು ಓಡಿದರು. ಯೇಸುವನ್ನು ಹಿಡಿದುಕೊಟ್ಟ ಯೂದನ ಸಾವನ್ನೂ ಹೀಗೇ ನೋಡಬಹುದು. ಮತ್ತಾಯ 27ರಲ್ಲಿ ಅವನು ಉರುಲು ಹಾಕಿಕೊಂಡ, ಹೊಲ ಕೊಂಡವರು ಯಾಜಕರು. ಅಪೊಸ್ತಲರ ಕೃತ್ಯಗಳ ಮೊದಲ ಅಧ್ಯಾಯದಲ್ಲಿ ಹೊಲ ಕೊಂಡವನು ಅವನೇ, ಅಲ್ಲೇ ಬಿದ್ದು ಹೊಟ್ಟೆಯೊಡೆದು ಸತ್ತ.

ಇದಕ್ಕಿಂತ ಮುಖ್ಯವಾದದ್ದು ಮಾರ್ಕ 16:9ರಿಂದ 20. ಸಿನಾಯ್, ವ್ಯಾಟಿಕನ್ ಪ್ರತಿಗಳೆಂದು ಕರೆಯುವ ನಾಲ್ಕನೇ ಶತಮಾನದ ಎರಡು ಹಸ್ತಪ್ರತಿಗಳಲ್ಲಿ ಈ ಹನ್ನೆರಡು ವಚನಗಳೇ ಇಲ್ಲ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಪ್ರಸಂಗವೂ (ಯೋಹಾನ 7:53ರಿಂದ 8:11) ಅವುಗಳಲ್ಲಿಲ್ಲ. ಇದು ನಾಸ್ತಿಕರು ಹೊಸದಾಗಿ ಕಂಡುಹಿಡಿದ ಗುಟ್ಟಲ್ಲ. ದೇವಜ್ಞಾನ ಕಾಲೇಜುಗಳಲ್ಲಿ ಇದು ದಿನನಿತ್ಯದ ಪಾಠ. ಆ ಪಾಠ ವೇದಿಕೆ ಇಳಿದು ಬೆಂಚಿನವರೆಗೆ ಬರುವುದಿಲ್ಲ, ಅಷ್ಟೇ. ನಲವತ್ತರಲ್ಲಿ ಬರುವ ಸಿಟ್ಟಿನಲ್ಲಿ ಅರ್ಧ ಪಾಲು ದೇವರ ಮೇಲಿನದಲ್ಲ, ಹೇಳದೆ ಬಿಟ್ಟವರ ಮೇಲಿನದು.

ನಿಮ್ಮನ್ನು ನಿಜಕ್ಕೂ ಕಾಡುತ್ತಿರುವುದು “ಒಂದು ತಪ್ಪಿದ್ದರೂ ಎಲ್ಲ ಸುಳ್ಳು” ಎಂಬ ಸೂತ್ರ. ಇಷ್ಟು ಬಿಗಿಯಾದ ಸೂತ್ರ ಎಲ್ಲ ಸಭೆಗಳದ್ದಲ್ಲ. ಇಂದು ಹೆಚ್ಚಾಗಿ ಉಲ್ಲೇಖವಾಗುವ ಅದರ ರೂಪ 1978ರಲ್ಲಿ ಅಮೆರಿಕದ ಷಿಕಾಗೊದಲ್ಲಿ ಕೆಲವು ಇವಾಂಜೆಲಿಕಲ್ ಪ್ರೊಟೆಸ್ಟಂಟ್ ಪಂಡಿತರು ಹೊರಡಿಸಿದ ಹೇಳಿಕೆಯಲ್ಲಿದೆ. ಕೆಥೋಲಿಕ ಸಭೆ 1943ರಲ್ಲೇ ಬೈಬಲ್ ಪುಸ್ತಕಗಳ ಸಾಹಿತ್ಯ ಪ್ರಕಾರ ನೋಡಿ ಓದಲು ತನ್ನ ಪಂಡಿತರನ್ನು ಪ್ರೋತ್ಸಾಹಿಸಿತ್ತು. ಅಂದಹಾಗೆ, ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮರುವರ್ಷವೇ, ಅವರಲ್ಲಿ ಹಲವರ ತವರಾದ ಜರ್ಮನಿಯ ವ್ಯೂರ್ಟೆಂಬರ್ಗಿನ ಟ್ಯೂಬಿಂಗನ್ನಿನಲ್ಲಿ ಡೇವಿಡ್ ಸ್ಟ್ರೌಸ್ ಎಂಬ ತರುಣ, ಸುವಾರ್ತೆಗಳ ಪವಾಡಗಳನ್ನು ಪುರಾಣಕಥೆಗಳೆಂದು ವಾದಿಸಿ ಪುಸ್ತಕ ತಂದ. ತಲಶ್ಶೇರಿಯಲ್ಲಿ ಮಲಯಾಳಂ ನಿಘಂಟಿಗೆ ದುಡಿದ ಬಾಸೆಲ್ ಮಿಷನ್ನಿನ ಗುಂಡರ್ಟ್ ವಿದ್ಯಾರ್ಥಿ ದೆಸೆಯಲ್ಲಿ ಈ ಸ್ಟ್ರೌಸನ ಪ್ರಭಾವಕ್ಕೆ ಸಿಕ್ಕಿ ಹೊರಬಂದವರು. ಅವರ ಮೊಮ್ಮಗ, ಲೇಖಕ ಹರ್ಮನ್ ಹೆಸ್ಸೆ, 1892ರಲ್ಲಿ ಪಾದ್ರಿ ಓದಿನ ಶಾಲೆಯಿಂದಲೇ ಓಡಿಹೋದ. ಅನುಮಾನ ನಮ್ಮ ಮಿಷನ್ ಕಾಂಪೌಂಡಿಗೆ ಹೊರಗಿನದಲ್ಲ.

ಮಾಡಬೇಕಾದ್ದು ಇಷ್ಟು. ವಾರಕ್ಕೆ ಒಂದೇ ಪ್ರಶ್ನೆ ಹಿಡಿಯಿರಿ. ಅದಕ್ಕೆ ನಂಬುವವರೊಬ್ಬರ, ನಂಬದವರೊಬ್ಬರ ಉತ್ತರ ಓದಿ, ಎರಡನ್ನೂ ಒಂದೇ ಪುಟದಲ್ಲಿ ಬರೆದಿಡಿ. ಸಭಾಪಾಲಕರಿಗಿಂತ ದೇವಜ್ಞಾನ ಕಾಲೇಜಿನಲ್ಲಿ ಹೊಸ ಒಡಂಬಡಿಕೆ ಕಲಿಸುವ ಅಧ್ಯಾಪಕರನ್ನು ಕೇಳುವುದು ಮೇಲು. ರಾತ್ರಿ ಹನ್ನೊಂದರ ಮೇಲೆ ಒಂದರ ಹಿಂದೊಂದು ವಾದದ ವಿಡಿಯೊ ನೋಡಬೇಡಿ. ಅಲ್ಲಿ ಗೆಲ್ಲುವುದು ಮಾತಿನ ಚಳಕ. ಸಂಡೇ ಸ್ಕೂಲಿಗೆ ಒಂದು ವರ್ಷ ಬಿಡುವು ಕೇಳಿ. ನಂಬದ್ದನ್ನು ಮಕ್ಕಳಿಗೆ ಹೇಳುವ ಹಿಂಸೆ ತಪ್ಪಿದರೆ ಯೋಚನೆಯೂ ತಿಳಿಯಾಗುತ್ತದೆ.

ನನಗೆ ನಂಬಿಕೆ ಹೋಗಿದೆ. ಆದರೂ ಭಾನುವಾರ ಅಮ್ಮನ ಜೊತೆ ಚರ್ಚಿನ ಬಲಿಪೂಜೆಗೆ ಹೋಗುತ್ತೇನೆ. ಪರಮಪ್ರಸಾದ (ಯೇಸುವಿನ ದೇಹವೆಂದು ನಂಬಿ ತಿನ್ನುವ ರೊಟ್ಟಿ) ತೆಗೆದುಕೊಂಡರೆ ಕಪಟ, ಬಿಟ್ಟರೆ ಇಡೀ ವಾಳೆಗೆ (ನಮ್ಮ ಚರ್ಚಿನ ವಾರ್ಡಿಗೆ) ಗೊತ್ತಾಗುತ್ತದೆ. ಮನೆಯಲ್ಲಿ ಹೇಗೆ ಹೇಳಲಿ? (ದಕ್ಷಿಣ ಕನ್ನಡ)

ಪೂಜೆಯಲ್ಲಿ ಕೂರುವುದಕ್ಕೂ ಪ್ರಸಾದ ಸ್ವೀಕರಿಸುವುದಕ್ಕೂ ಸಭೆಯೇ ವ್ಯತ್ಯಾಸ ಮಾಡುತ್ತದೆ. ಕೂರಲು ಯಾರಿಗೂ ತಡೆಯಿಲ್ಲ. ಪ್ರಸಾದ ಮಾತ್ರ ಅದನ್ನು ನಂಬುವವರಿಗೆ. ಆದ್ದರಿಂದ ಸುಮ್ಮನೆ ಬೆಂಚಿನಲ್ಲೇ ಉಳಿಯಿರಿ. ಸಾಲಿಗೆ ಹೋಗದೆ ಕೂತವರು ಪ್ರತಿ ಭಾನುವಾರವೂ ಇರುತ್ತಾರೆ, ಅವರ ಕಾರಣ ಯಾರೂ ಕೇಳುವುದಿಲ್ಲ. ಬೆಂಚಿನಲ್ಲಿ ಗೋಡೆಯ ಬದಿಯ ತುದಿಗೆ ಕೂತರೆ ಬೇರೆಯವರು ನಿಮ್ಮನ್ನು ದಾಟಿ ಹೋಗುವ ಮುಜುಗರವೂ ಇಲ್ಲ.

ಕೆಥೋಲಿಕ ಧರ್ಮೋಪದೇಶ ಗ್ರಂಥ (1992, ಪರಿಚ್ಛೇದ 2088) ಬೇಕೆಂದೇ ನಂಬಿಕೆಯನ್ನು ತಿರಸ್ಕರಿಸುವ ಸಂದೇಹವನ್ನೂ, ಬೇಡವೆಂದರೂ ಬರುವ ಸಂದೇಹವನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ನಿಮ್ಮದು ಯಾವುದೆಂದು ನೀವೇ ಮೊದಲು ತಿಳಿದುಕೊಳ್ಳಿ, ಮನೆಯಲ್ಲಿ ಆಡುವ ಮಾತು ಅದರ ಮೇಲೆ ನಿಂತಿದೆ. ಇನ್ನೂ ತೀರ್ಮಾನವಾಗಿಲ್ಲದಿದ್ದರೆ “ದೇವರಿಲ್ಲ” ಅನ್ನಬೇಡಿ, “ನನಗೆ ಈಗ ಪ್ರಾರ್ಥನೆ ಬರುತ್ತಿಲ್ಲ ಅಮ್ಮಾ” ಅನ್ನಿ. ಅದು ಸುಳ್ಳಲ್ಲ, ಅಮ್ಮನಿಗೆ ಅರ್ಥವೂ ಆಗುತ್ತದೆ. ಮದುವೆಯಾಗಿದ್ದರೆ ಮೊದಲು ಹೇಳಬೇಕಾದವರು ಗಂಡ ಅಥವಾ ಹೆಂಡತಿ, ಆಮೇಲೆ ಅಮ್ಮ. ವಾಳೆಯ ಮುಖಂಡರಾದ ಗುರಿಕಾರರ ಕಿವಿಗೆ ಮೊದಲು ಬಿದ್ದರೆ ವಿಷಯ ನಿಮ್ಮ ಕೈಯಲ್ಲಿ ಉಳಿಯುವುದಿಲ್ಲ. ಕ್ರಿಸ್ಮಸ್, ತೆನೆಹಬ್ಬ, ಮನೆಯಲ್ಲಿ ಸಾವಾದ ತಿಂಗಳು ಇವನ್ನು ಬಿಟ್ಟು ಸಾಧಾರಣ ದಿನ ಆರಿಸಿ.

ಹೆಚ್ಚಿನ ಮನೆಗಳಲ್ಲಿ ಮಾತು ಕೆಡುವುದು ಒಂದೇ ಜಾಗದಲ್ಲಿ. ಮಗ ದೇವರ ಅಸ್ತಿತ್ವದ ಬಗ್ಗೆ ವಾದ ಹೂಡುತ್ತಾನೆ, ತಾಯಿ ಕೇಳುತ್ತಿರುವುದು “ನಾನು ಸತ್ತರೆ ನನಗಾಗಿ ಪೂಜೆ ಇಡಿಸುತ್ತೀಯಾ?” ಎಂದು. ಆ ಪ್ರಶ್ನೆಗೆ ನೇರ ಉತ್ತರ ಕೊಡಿ. “ಖಂಡಿತ ಇಡಿಸುತ್ತೇನೆ” ಎಂಬ ಮಾತು ಸಂಜೆಯ ಜಗಳವನ್ನು ಅರ್ಧಕ್ಕೆ ಇಳಿಸುತ್ತದೆ.

ನನಗೆ ವಿಶ್ವಾಸವಿಲ್ಲ, ಮದುವೆಯಾಗುವ ಹುಡುಗ ಭಕ್ತಿಯ ಕೆಥೋಲಿಕ. ದೀಕ್ಷಾಸ್ನಾನದ ರಿಜಿಸ್ಟರಿನಿಂದ ನನ್ನ ಹೆಸರು ತೆಗೆಸಬಹುದೇ? ಮದುವೆ ಚರ್ಚಿನಲ್ಲೋ ರಿಜಿಸ್ಟ್ರಾರ್ ಆಫೀಸಿನಲ್ಲೋ? (ಬೆಂಗಳೂರು)

ಹೆಸರು ತೆಗೆಯುವುದಿಲ್ಲ. ಆ ಪುಸ್ತಕ ಸದಸ್ಯರ ಪಟ್ಟಿಯಲ್ಲ, ನಡೆದ ಘಟನೆಯ ದಾಖಲೆ. ಬಿಷಪರಿಗೆ ಲಿಖಿತವಾಗಿ ತಿಳಿಸಿ ಸಭೆ ಬಿಡುವ “ಔಪಚಾರಿಕ ಕ್ರಿಯೆ”ಗೆ ಮದುವೆ ಕಾನೂನಿನಲ್ಲಿ ಹಿಂದೆ ಬೆಲೆಯಿತ್ತು. 2006ರಲ್ಲಿ ವ್ಯಾಟಿಕನ್ ಅದರ ಷರತ್ತು ವಿವರಿಸಿತು, 2009ರಲ್ಲಿ ಪೋಪ್ 16ನೇ ಬೆನೆಡಿಕ್ಟ್ ಆ ಮಾತನ್ನೇ ಕಾನೂನಿನಿಂದ ಕಿತ್ತುಹಾಕಿದರು. ಹಾಗಾಗಿ ನೀವು ನಂಬಿದರೂ ನಂಬದಿದ್ದರೂ ಮದುವೆಯ ಮಟ್ಟಿಗೆ ಸಭೆ ನಿಮ್ಮನ್ನು ಕೆಥೋಲಿಕರೆಂದೇ ಎಣಿಸುತ್ತದೆ. ಬರೀ ರಿಜಿಸ್ಟ್ರಾರ್ ಮದುವೆಯಾದರೆ ಸಭೆಯ ಲೆಕ್ಕದಲ್ಲಿ ಅದು ಮದುವೆಯಲ್ಲ, ಪ್ರಸಾದ ನಿಲ್ಲುವುದು ನಿಮಗಲ್ಲ, ನಂಬುವ ಆ ಹುಡುಗನಿಗೆ. ಎಷ್ಟೋ ಜೋಡಿಗಳಿಗೆ ಇದು ಮದುವೆಯಾದ ಮೇಲೆ ತಿಳಿಯುತ್ತದೆ.

ಚರ್ಚ್ ಮದುವೆಗೆ ಸುಳ್ಳು ಹೇಳಬೇಕಿಲ್ಲ. ವಿಶ್ವಾಸವನ್ನು ಬಹಿರಂಗವಾಗಿ ಬಿಟ್ಟವರ ಮದುವೆ ಮಾಡಿಸಲು ಧರ್ಮಗುರು ಬಿಷಪರ ಅನುಮತಿ ಪಡೆಯಬೇಕೆಂದು ಚರ್ಚ್ ಕಾನೂನಿನ 1071ನೇ ಕಲಮು ಹೇಳುತ್ತದೆ. ಮಕ್ಕಳನ್ನು ಕೆಥೋಲಿಕರಾಗಿ ಬೆಳೆಸಲು ಶಕ್ತಿಮೀರಿ ಯತ್ನಿಸುವೆನೆಂದು ಮಾತು ಕೊಡುವುದು ಹುಡುಗ. ನಿಮಗೆ ಅದನ್ನು ತಿಳಿಸಿರಬೇಕು, ಅಷ್ಟೇ. ನೀವು ನಿಜವಾಗಿ ಒಪ್ಪಬೇಕಾದ್ದು ಬಾಳಪೂರ್ತಿ ಬಂಧ, ನಿಷ್ಠೆ, ಮಕ್ಕಳಿಗೆ ಬಾಗಿಲು ಮುಚ್ಚದಿರುವುದು. ಇವುಗಳಲ್ಲಿ ಒಂದನ್ನು ಮನಸ್ಸಿನಲ್ಲೇ ತಳ್ಳಿಹಾಕಿ ಬಾಯಲ್ಲಿ “ಹೌದು” ಅಂದರೆ ಮುಂದೆ ಮದುವೆ ಅಸಿಂಧುವಾಗಲು ಅದೇ ಕಾರಣವಾದೀತು. ಅನುಮತಿ ಬರಲು ಸಮಯ ಬೇಕು, ಹಾಲ್ ಬುಕ್ ಮಾಡುವ ಮುನ್ನ ಗುರುಗಳನ್ನು ನೋಡಿ. ಸ್ನಾನದ ಸರ್ಟಿಫಿಕೇಟ್ ಹಳೆಯದು ನಡೆಯುವುದಿಲ್ಲ, ಸಾಮಾನ್ಯವಾಗಿ ಆರು ತಿಂಗಳೊಳಗೆ ಪಡೆದದ್ದನ್ನೇ ಕೇಳುತ್ತಾರೆ.

ರಿಜಿಸ್ಟ್ರಾರ್ ದಾರಿಯೇ ಬೇಕೆಂದರೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಇಬ್ಬರಲ್ಲೊಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದು ನೋಟಿಸ್ ಕೊಡಬೇಕು, ಆಮೇಲೆ ಆಕ್ಷೇಪಣೆಗೆ 30 ದಿನ. ಮೂವರು ಸಾಕ್ಷಿ ಬೇಕು, ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆ ಮುಗಿಯಬೇಕು. ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚುತ್ತಾರೆ, ಮನೆಯವರಿಗೆ ಅಲ್ಲಿಂದ ತಿಳಿಯುವ ಮೊದಲು ನೀವೇ ಹೇಳಿ.

ನಂಬಿಕೆ ಬಿಟ್ಟರೆ ಅಪ್ಪನ ಆಸ್ತಿಯಲ್ಲಿ ಪಾಲು ಹೋಗುತ್ತದೆಯೇ? ಅರ್ಜಿಗಳಲ್ಲಿ ಧರ್ಮ ಬರೆಯದೆ ಇರಬಹುದೇ? (ಉಡುಪಿ)

ಪಾಲು ಹೋಗುವುದಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ತೀರಿಕೊಂಡವರು ಕ್ರೈಸ್ತರಾಗಿದ್ದರೆ ಸಾಕು, ಹೆಂಡತಿಗೆ ಮೂರರಲ್ಲೊಂದು, ಉಳಿದದ್ದು ಮಕ್ಕಳಿಗೆ ಸಮನಾಗಿ. ಆದರೆ ನಮ್ಮಲ್ಲಿ ಹುಟ್ಟಿನಿಂದ ಬರುವ ಹಕ್ಕಿಲ್ಲ. ಅಪ್ಪ ಉಯಿಲು ಬರೆದು ಬೇರೆಯವರಿಗೆ ಕೊಟ್ಟರೆ ಮುಗಿಯಿತು. ಧರ್ಮವನ್ನು ಹೇಳಲೇಬೇಕೆಂದು ಸರ್ಕಾರ ಒತ್ತಾಯಿಸುವಂತಿಲ್ಲ, “ಯಾವ ಧರ್ಮವೂ ಇಲ್ಲ” ಎನ್ನಬಹುದು ಎಂದು 2014ರಲ್ಲಿ ಬಾಂಬೆ ಹೈಕೋರ್ಟ್ ತೀರ್ಪು ಕೊಟ್ಟಿದೆ. ಮೀಸಲಾತಿ ಪ್ರಮಾಣಪತ್ರ ಬಳಸುತ್ತಿದ್ದರೆ ಮಾತ್ರ ಆತುರ ಬೇಡ, ಬದಲಾಯಿಸುವ ಮೊದಲು ವಕೀಲರನ್ನು ಕೇಳಿ.

ಬುದ್ಧಿಗೆ ನರಕವಿಲ್ಲ ಅನ್ನಿಸಿದರೂ ರಾತ್ರಿ ಎದೆ ಹೊಡೆದುಕೊಳ್ಳುತ್ತದೆ. ಪವಿತ್ರಾತ್ಮನ ವಿರುದ್ಧ ಕ್ಷಮೆಯಿಲ್ಲದ ಪಾಪ ಮಾಡಿದೆನೇ ಎಂದು ಹತ್ತು ಸಲ ಕ್ಷಮೆ ಬೇಡುತ್ತೇನೆ. (ಊರು ಬೇಡ)

ಒಂದೇ ಪ್ರಾರ್ಥನೆಯನ್ನು ಸರಿಬರುವವರೆಗೆ ಮತ್ತೆ ಮತ್ತೆ ಹೇಳುವುದು, ಕ್ಷಮೆ ಸಿಕ್ಕಿತೇ ಎಂದು ಪದೇ ಪದೇ ಪರೀಕ್ಷಿಸುವುದು ಗೀಳು ಕಾಯಿಲೆಯ ಒಂದು ಮುಖ ಇರಬಹುದು. ಜೆಸ್ಯೂಟ್ ಸಂಘ ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೊಲಾ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ಇದೇ ಸಂಕಟ ಪಟ್ಟವರು, ಎಷ್ಟು ಪಾಪನಿವೇದನೆ ಮಾಡಿದರೂ ಸಮಾಧಾನ ಸಿಗಲಿಲ್ಲ. ಒಬ್ಬರಾದ ಮೇಲೊಬ್ಬರನ್ನು ಕೇಳಿ ಧೈರ್ಯ ತಂದುಕೊಂಡರೆ ಕ್ಷಣಕ್ಕೆ ಹಗುರ, ಮರುದಿನ ಭಯ ದುಪ್ಪಟ್ಟು. ಎರಡನೇ ಸಲ ಬೇಡಬೇಕೆನಿಸಿದಾಗ ಗಡಿಯಾರ ನೋಡಿ ಹತ್ತು ನಿಮಿಷ ಮುಂದೂಡಿ, ಮರುವಾರ ಇಪ್ಪತ್ತು. ಭಯ ಏರಿ, ನೀವೇನೂ ಮಾಡದೆಯೇ ಇಳಿಯುವುದು ತಿಳಿಯುತ್ತದೆ. ನಿದ್ದೆ, ಊಟ, ಕೆಲಸ ಕೆಟ್ಟಿದ್ದರೆ ಮನೋವೈದ್ಯರಲ್ಲಿಗೆ ಹೋಗಿ, ಇದಕ್ಕೆ ಔಷಧವೂ ಇದೆ, ಇದೇ ಮುಂದೂಡುವ ಕ್ರಮದ ಚಿಕಿತ್ಸೆಯೂ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳು ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಫೋನಿನಲ್ಲಿ ಮೊದಲು ಹೇಳಬೇಕಾದ್ದು ಧರ್ಮದ ವಿಷಯವಲ್ಲ: ದಿನಕ್ಕೆ ಎಷ್ಟು ಸಲ, ಎಷ್ಟು ಹೊತ್ತು ಇದು ನಡೆಯುತ್ತದೆ ಎಂಬುದು.