ಹಳೆ ಹಿತ್ತಾಳೆ ಎಂಜಿನ್: ಹೊಳಪಲ್ಲ, ತಳ ನೋಡಿ ಕೊಳ್ಳಿ

ಪ್ರಶ್ನೆ: ನಾನು ಚಿಕ್ಕಮಗಳೂರಿನವನು. ಮನೆಯಲ್ಲಿ ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಮೇಲೆ ಎಚ್‌ಒ ಅಳತೆಯ (ನಿಜದ ರೈಲಿನ 87ನೇ ಒಂದು ಪಾಲಿನ) ಆಟದ ರೈಲು ಹಳಿ ಹಾಕಿದ್ದೇನೆ. ಬೆಂಗಳೂರಿನಲ್ಲಿ ಒಬ್ಬರು ಜಪಾನಿನಲ್ಲಿ ಮಾಡಿದ, ಕರೆಂಟಿನಲ್ಲಿ ಓಡುವ ಹಳೆ ಹಿತ್ತಾಳೆ ಸ್ಟೀಮ್ ಎಂಜಿನ್ ಮಾದರಿ ಮಾರುತ್ತಿದ್ದಾರೆ. ಬಣ್ಣ ಹಚ್ಚಿಲ್ಲ, ಅಲ್ಲಲ್ಲಿ ಕಪ್ಪಾಗಿದೆ. ಪೆಟ್ಟಿಗೆ ಮೇಲೆ ‘ಪೆಸಿಫಿಕ್ ಫಾಸ್ಟ್ ಮೇಲ್’ ಎಂದಿದೆ. ವರ್ಷಗಟ್ಟಲೆ ಓಡಿಸಿಲ್ಲವಂತೆ. ಕೊಳ್ಳಬಹುದಾ? ಬೆಳಗಿದರೆ ಹೊಳಪು ಬರುತ್ತಾ? ನಮ್ಮ ಮಳೆಗಾಲದಲ್ಲಿ ಕಾಪಾಡೋದು ಹೇಗೆ?

ಉತ್ತರ: ಕೊಳ್ಳಬಹುದು. ಆದರೆ ಬೆಳಗುವ ಯೋಚನೆಯನ್ನು ದಯವಿಟ್ಟು ಬಿಟ್ಟುಬಿಡಿ. ಇಂಥ ಎಂಜಿನ್‌ಗಳಿಗೆ ಕಾರ್ಖಾನೆಯಲ್ಲೇ ತೆಳುವಾದ ಲ್ಯಾಕರ್ (ಹಿತ್ತಾಳೆ ಕಾಯುವ ಪಾರದರ್ಶಕ ಲೇಪ) ಹೊಡೆದಿರುತ್ತಾರೆ. ಅದು ಹೋದ ಕಡೆ ಹಿತ್ತಾಳೆ ಕಪ್ಪಾಗುತ್ತದೆ, ಅಷ್ಟೆ. ಹುಣಸೆಹಣ್ಣೋ ಪಾತ್ರೆ ಪುಡಿಯೋ ಹಾಕಿ ಉಜ್ಜಿದರೆ ಉಳಿದ ಲ್ಯಾಕರೂ ಹೋಗುತ್ತದೆ, ಸಾಸಿವೆಗಿಂತ ಚಿಕ್ಕ ರಿವೆಟ್ ತಲೆಗಳು ಸವೆಯುತ್ತವೆ, ಪುಡಿ ಗೇರಿನೊಳಗೆ ಸೇರುತ್ತದೆ. ಸಂದಿಯಲ್ಲಿ ಉಳಿದ ಹುಳಿಯಿಂದ ಹಸಿರು ಕಿಲುಬು ಹಿಡಿಯುತ್ತದೆ. ಒಂದೊಂದು ಪೈಪನ್ನೂ ಕೈಯಲ್ಲಿ ಬೆಸುಗೆ ಹಾಕಿ ಮಾಡಿದ ವಸ್ತು ಇದು. ಆ ಕೆಲಸ ಉಳಿಯಬೇಕು, ಅಲ್ವಾ?

ಪೆಸಿಫಿಕ್ ಫಾಸ್ಟ್ ಮೇಲ್ ಅನ್ನೋದು ತರಿಸಿ ಮಾರುತ್ತಿದ್ದ ಅಮೆರಿಕದ ಕಂಪನಿ. ಮಾಡಿದವರು ಟೆನ್‌ಶೋಡೋದಂಥ ಜಪಾನಿನ ಕಾರ್ಖಾನೆಯವರು. ಅವರ ಹೆಸರೂ ಪೆಟ್ಟಿಗೆ ಮೇಲಿದೆಯಾ ಕೇಳಿ. ಬೆಲೆ ಅದರ ಮೇಲೂ ನಿಂತಿರುತ್ತದೆ.

ಇನ್ನು ಎಂಜಿನ್ ಅಡಿಮೇಲು ಮಾಡಿ ಫೋಟೋ ಕಳಿಸಲು ಹೇಳಿ. ಗಾಲಿಗಳ ಪಕ್ಕದ ರಾಡುಗಳು ಬಾಗಿವೆಯಾ, ಸ್ಕ್ರೂ ತಲೆಗಳು ಕಿತ್ತುಹೋಗಿವೆಯಾ ನೋಡಿ. ಎಂಜಿನ್ನನ್ನೂ ಟೆಂಡರನ್ನೂ (ಹಿಂದಿನ ಕಲ್ಲಿದ್ದಲು–ನೀರಿನ ಗಾಡಿ) ಸೇರಿಸುವ ಪಟ್ಟಿ ಇರಲೇಬೇಕು. ಈ ಮಾದರಿಗಳಲ್ಲಿ ಸಾಮಾನ್ಯವಾಗಿ ಒಂದು ಹಳಿಯ ಕರೆಂಟನ್ನು ಎಂಜಿನ್ ಗಾಲಿ ತೆಗೆದುಕೊಳ್ಳುತ್ತದೆ, ಇನ್ನೊಂದರದ್ದನ್ನು ಟೆಂಡರ್ ಗಾಲಿ. ಟೆಂಡರಿನ ಕರೆಂಟು ಆ ಪಟ್ಟಿಯ ಮೂಲಕವೇ ಮೋಟರಿಗೆ ಬರುತ್ತದೆ. ‘ಓಡ್ತಿಲ್ಲ’ ಅಂತ ಕಡಿಮೆ ಬೆಲೆಗೆ ಮಾರುವ ಎಷ್ಟೋ ಎಂಜಿನ್‌ಗಳಲ್ಲಿ ಆ ಪಟ್ಟಿಗೆ ಕೊಳೆ ಹಿಡಿದಿರುತ್ತದೆ, ಬೇರೇನೂ ಆಗಿರುವುದಿಲ್ಲ.

ಸಾಧ್ಯವಾದರೆ ನೀವೇ ಹೋಗಿ ಓಡಿಸಿ ನೋಡಿ. ಒಮ್ಮೆಗೇ 12 ವೋಲ್ಟ್ ಕೊಡಬೇಡಿ, ನಿಧಾನವಾಗಿ ಏರಿಸಿ. ಮೋಟರ್ ತಿರುಗಿ ಗಾಲಿ ತಿರುಗದಿದ್ದರೆ ನಡುವಿನ ರಬ್ಬರ್ ಕೊಳವೆ ಗಟ್ಟಿಯಾಗಿರಬಹುದು. ಇದು ಸಣ್ಣ ರಿಪೇರಿ. ಗಾಲಿಯ ಪ್ರತಿ ಸುತ್ತಿಗೂ ಒಮ್ಮೆ ಎಂಜಿನ್ ಕುಂಟಿದರೆ ಮಾತ್ರ ಯೋಚಿಸಿ. ಎರಡೂ ಬದಿಯ ಗಾಲಿಗಳ ರಾಡು ಸಿಕ್ಕಿಸುವ ಜಾಗಗಳ ನಡುವೆ 90 ಡಿಗ್ರಿ ಅಂತರ ಇರಬೇಕು. ಅದು ತಪ್ಪಿದ್ದರೆ ಸರಿಮಾಡುವುದು ಹೊಸಬರ ಕೈಯಲ್ಲಾಗದ ಕೆಲಸ. ಬೇಗ ಬಿಸಿಯಾಗಿ ಸುಟ್ಟ ವಾಸನೆ ಬಂದರೆ ಹೊಸ ಮೋಟರಿನ ಖರ್ಚು ಕಳೆದು ಬೆಲೆ ಹೇಳಿ.

ನಿಮ್ಮ ಹಲಗೆಯ ಹಳಿಯ ತಿರುವು ಬಹುಶಃ 18 ಇಂಚು ತ್ರಿಜ್ಯದ್ದು. ದೊಡ್ಡ ಎಂಜಿನ್ ಅಲ್ಲಿ ತಿರುಗುವುದಿಲ್ಲ. ತಿರುಗಿದರೂ ಮುಂದಿನ ಚಿಕ್ಕ ಗಾಲಿ ಸಿಲಿಂಡರಿಗೆ ತಾಗಿ ಶಾರ್ಟ್ ಆಗುತ್ತದೆ, ಯಾಕೆಂದರೆ ಇಡೀ ಮೈಯೇ ಲೋಹ. ಎಷ್ಟು ಇಂಚಿನ ತಿರುವು ಬೇಕು ಅಂತ ಮುಂಚೆಯೇ ಕೇಳಿ.

ಮನೆಗೆ ತಂದ ಮೇಲೆ ಗೇರಿನ ಹಳೆ ಗ್ರೀಸನ್ನು ಮೊದಲು ತೆಗೆಯಿರಿ. ಅದು ಮೇಣದಂತೆ ಗಟ್ಟಿಯಾಗಿರುತ್ತದೆ. ಥಿನ್ನರ್ ಮುಟ್ಟಬೇಡಿ, ಲ್ಯಾಕರ್ ಕರಗುತ್ತದೆ. ಗೇರಿಗೆ ಚೂರೇ ಚೂರು ಹೊಸ ಗ್ರೀಸ್, ಅಚ್ಚುಗಳಿಗೆ ಸೂಜಿ ತುದಿಯಷ್ಟು ಹೊಲಿಗೆ ಯಂತ್ರದ ಎಣ್ಣೆ ಸಾಕು. ಕೊಬ್ಬರಿ ಎಣ್ಣೆ ಮಾತ್ರ ಬೇಡವೇ ಬೇಡ. ಅದು ಸುಮಾರು 24 ಡಿಗ್ರಿಗೆಲ್ಲ ಹೆಪ್ಪುಗಟ್ಟುತ್ತದೆ, ನಿಮ್ಮೂರಿನ ಡಿಸೆಂಬರಿನಲ್ಲಿ ಗಾಲಿಯೇ ಅಲ್ಲಾಡದು.

ಮಳೆಗಾಲಕ್ಕೆ ಮುಂಚೆ ಪೆಟ್ಟಿಗೆಯ ಹಳೆ ಸ್ಪಂಜನ್ನು ಬಿಸಾಕಿ. ವರ್ಷ ಕಳೆದಂತೆ ಅದು ಪುಡಿಯಾಗಿ, ಅಂಟಾಗಿ, ಲ್ಯಾಕರನ್ನು ತಿನ್ನುತ್ತದೆ. ಪೆಟ್ಟಿಗೆ ಮಾತ್ರ ಇಟ್ಟುಕೊಳ್ಳಿ, ಮುಂದೆ ಮಾರುವಾಗ ಅದಕ್ಕೂ ಬೆಲೆಯಿದೆ. ಎಂಜಿನ್ನನ್ನು ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಸಡಿಲವಾಗಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಳ ಬಿಗಿಯಾದ ಡಬ್ಬದಲ್ಲಿಡಿ. ಬೂಷ್ಟು ಹಿಡಿಯುವ ಗೋಡೆ ಬೀರು ಬೇಡ. ಕೈ ಬೆವರಿನ ಗುರುತು ಹಿತ್ತಾಳೆ ಮೇಲೆ ಉಳಿಯುತ್ತದೆ, ಹತ್ತಿ ಗ್ಲೌಸ್ ಹಾಕಿ ಎತ್ತಿ.

ಪ್ರಶ್ನೆ: ಹಾಸನ–ಮಂಗಳೂರು ಮೀಟರ್ ಗೇಜ್ ಕಾಲದ ಎಂಜಿನ್ ಮಾದರಿ ಸಿಕ್ಕರೆ ನನ್ನ ಎಚ್‌ಒ ಹಳಿ ಮೇಲೆ ಓಡುತ್ತಾ?

ಉತ್ತರ: ಸರಿಯಾದ ಅಳತೆಯದಾದರೆ ಓಡಲ್ಲ. ಎಚ್‌ಒ ಅಂದರೆ ನಿಜದ 87ನೇ ಒಂದು ಪಾಲು. ನಿಮ್ಮ 16.5 ಮಿಲಿಮೀಟರ್ ಹಳಿ, 1,435 ಮಿಲಿಮೀಟರ್ ಅಗಲದ ವಿದೇಶಿ ಹಳಿಯ ಲೆಕ್ಕದ್ದು. ಮೀಟರ್ ಗೇಜಿಗೆ ಅದೇ ಲೆಕ್ಕದಲ್ಲಿ 12 ಮಿಲಿಮೀಟರ್ ಹಳಿ ಬೇಕು. ಬೇರೆ ಹಾದಿಯನ್ನೇ ಹಾಕಿಕೊಳ್ಳಿ.