ಸ್ವರಚಿಹ್ನೆಯ ಕಡ್ಡಿ ಮೇಲಕ್ಕೆ ಯಾವಾಗ, ಕೆಳಕ್ಕೆ ಯಾವಾಗ?

ಐದು ಗೆರೆಗಳ ಮೇಲೆ ಸ್ವರಗಳನ್ನು ಬರೆಯುವ ಪಾಶ್ಚಾತ್ಯ ಸ್ಟಾಫ್ ನೊಟೇಶನ್ನಿನಲ್ಲಿ ಕೆಲವು ಸ್ವರಚಿಹ್ನೆಗಳ ಕಡ್ಡಿ ಮೇಲಕ್ಕೂ ಕೆಲವುಗಳದು ಕೆಳಕ್ಕೂ ಇರುವುದೇಕೆ, ಅದರಿಂದ ನುಡಿಸಬೇಕಾದ ಸ್ವರ ಬದಲಾಗುತ್ತದೆಯೇ ಎಂದು ಕೇಳಿದ್ದೀರಿ. ಸ್ವರ ಬದಲಾಗುವುದಿಲ್ಲ. ಐದು ಗೆರೆಗಳಲ್ಲಿ ಅಥವಾ ಅವುಗಳ ನಡುವಿನ ನಾಲ್ಕು ಎಡೆಗಳಲ್ಲಿ ಚಿಹ್ನೆಯ ತಲೆ (ಅದರ ಅಂಡಾಕಾರದ ಭಾಗ) ಎಲ್ಲಿ ಕುಳಿತಿದೆ ಎಂಬುದೇ ಸ್ವರದ ಸ್ಥಾನವನ್ನು ತಿಳಿಸುತ್ತದೆ. ಕಡ್ಡಿಯ ದಿಕ್ಕು ಓದುವವರ ಕಣ್ಣಿನ ಅನುಕೂಲಕ್ಕಾಗಿ ಇರುವುದು.

ವೃಂದಗಾಯನಕ್ಕಾಗಿ ಹಲವು ವರ್ಷ ಪ್ರತಿಗಳನ್ನು ಕೈಯಿಂದಲೇ ಬರೆದಿರುವ ನನಗೆ ಈ ನಿಯಮದ ಬೆಲೆ ಚೆನ್ನಾಗಿ ಗೊತ್ತು. ಕಡ್ಡಿಯ ಉದ್ದ ಸಾಮಾನ್ಯವಾಗಿ ಮೂರೂವರೆ ಎಡೆ, ಅಂದರೆ ತಲೆಯಿಂದ ಒಂದು ಅಷ್ಟಕದಷ್ಟು (ಒಂದು ಸ್ವರದಿಂದ ಮುಂದಿನ ಸ್ಥಾಯಿಯ ಅದೇ ಸ್ವರದವರೆಗಿನಷ್ಟು) ದೂರ. ನಡುಗೆರೆಗಿಂತ ಕೆಳಗಿರುವ ತಲೆಗೆ ಅದನ್ನು ಬಲಬದಿಯಿಂದ ಮೇಲಕ್ಕೂ, ನಡುಗೆರೆಗಿಂತ ಮೇಲಿರುವ ತಲೆಗೆ ಎಡಬದಿಯಿಂದ ಕೆಳಕ್ಕೂ ಎಳೆದರೆ ಕಡ್ಡಿಯ ಬಹುಭಾಗ ಗೆರೆಗಳ ಒಳಗೇ ಉಳಿಯುತ್ತದೆ. ಹಾಗೆ ಮಾಡದಿದ್ದರೆ ಅದು ಹೊರಚಾಚಿ, ಕೆಳಗೆ ಬರೆಯುವ ಸಾಹಿತ್ಯವನ್ನೋ ಪಕ್ಕದ ಪಂಕ್ತಿಯನ್ನೋ ತಾಗುತ್ತದೆ. ತಲೆ ಸರಿಯಾಗಿ ನಡುಗೆರೆಯ ಮೇಲೇ ಇದ್ದರೆ ಮುದ್ರಣದಲ್ಲಿ ಕಡ್ಡಿ ಕೆಳಕ್ಕಿರುವುದೇ ವಾಡಿಕೆ. ಹಲವು ಸ್ವರಗಳನ್ನು ಕಡ್ಡಿಗಳ ತುದಿ ಜೋಡಿಸುವ ಒಂದೇ ಪಟ್ಟಿಯಿಂದ ಬೆಸೆದಿರುವಾಗ, ನಡುಗೆರೆಯಿಂದ ಅತಿ ದೂರದಲ್ಲಿರುವ ಸ್ವರದ ಕಡ್ಡಿಗೆ ಸಲ್ಲುವ ದಿಕ್ಕನ್ನೇ ಉಳಿದವುಗಳಿಗೂ ಕೊಡುತ್ತಾರೆ.

ಆದರೆ ದಿಕ್ಕಿಗೆ ನಿಜವಾದ ಅರ್ಥ ಬರುವ ಒಂದು ಸಂದರ್ಭವಿದೆ, ಅದನ್ನು ಮರೆಯಬಾರದು. ಒಂದೇ ಪಂಕ್ತಿಯಲ್ಲಿ ಎರಡು ಕಂಠಗಳನ್ನು ಬರೆದಿದ್ದರೆ ಮೇಲಿನ ಕಂಠದ ಕಡ್ಡಿಗಳೆಲ್ಲ ಮೇಲಕ್ಕೆ, ಕೆಳಗಿನದರವೆಲ್ಲ ಕೆಳಕ್ಕೆ; ಅಲ್ಲಿ ನಡುಗೆರೆಯ ನಿಯಮ ಅನ್ವಯಿಸುವುದಿಲ್ಲ. ಎರಡೂ ಕಂಠಗಳು ಒಂದೇ ಸ್ವರಕ್ಕೆ ಬಂದು ಸೇರಿದಾಗ ಒಂದೇ ತಲೆಗೆ ಎರಡು ಕಡ್ಡಿಗಳಿರುತ್ತವೆ, ಮತ್ತು ಅದನ್ನು ನೋಡಿದೊಡನೆ ಇಬ್ಬರೂ ಅದನ್ನೇ ಹಾಡಬೇಕೆಂದು ತಿಳಿಯುತ್ತದೆ. ಇಷ್ಟು ಚಿಕ್ಕ ಗೀಟಿನಿಂದ ಇಷ್ಟು ಸ್ಪಷ್ಟತೆ ದೊರೆಯುವುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ.

ಸ್ವರವನ್ನು ಎಷ್ಟು ಹೊತ್ತು ಹಿಡಿಯಬೇಕೆಂಬ ಕಾಲದ ಲೆಕ್ಕ ಬೇರೆ. ಟೊಳ್ಳು ತಲೆಗೆ ಕಡ್ಡಿಯಿಲ್ಲದಿದ್ದರೆ ಪೂರ್ಣ, ಕಡ್ಡಿಯಿದ್ದರೆ ಅರ್ಧ. ತುಂಬಿದ ತಲೆಗೆ ಕಡ್ಡಿಯಿದ್ದರೆ ಕಾಲು, ಅದಕ್ಕೊಂದು ಬಾವುಟ (ಕಡ್ಡಿಯ ತುದಿಯ ಬಾಗಿದ ಗೀಟು) ಸೇರಿದರೆ ಅರೆಕಾಲು. ಈ ಬಾವುಟವನ್ನು ಮಾತ್ರ, ಕಡ್ಡಿ ಯಾವ ದಿಕ್ಕಿಗಿದ್ದರೂ, ಯಾವಾಗಲೂ ಅದರ ಬಲಕ್ಕೇ ಬರೆಯಬೇಕು. ಹೊಸದಾಗಿ ಬರೆಯುವವರು ಹೆಚ್ಚಾಗಿ ತಪ್ಪುವುದು ಇಲ್ಲಿಯೇ: ಕಡ್ಡಿ ಕೆಳಕ್ಕಿದ್ದಾಗ ಬಾವುಟವನ್ನೂ ಎಡಕ್ಕೆ ತಿರುಗಿಸಿಬಿಡುತ್ತಾರೆ.