ಎಂಆರ್ ತೋರಿಸುವ ಚಾರ್ಟನ್ನು ಎಷ್ಟು ನಂಬಬಹುದು?

ಪುಣೆಯಲ್ಲಿ ಹೊಸದಾಗಿ ಕ್ಲಿನಿಕ್ ತೆರೆದಿದ್ದೀರಿ. ಎಂಆರ್‌ಗಳು, ಅಂದರೆ ಔಷಧ ಕಂಪನಿಗಳ ಪ್ರತಿನಿಧಿಗಳು, ಕೊಟ್ಟುಹೋಗುವ ಕರಪತ್ರಗಳಲ್ಲಿ ಒಂದೊಂದು ಮಾತಿಗೂ ದೊಡ್ಡ ಜರ್ನಲ್‌ನ ಆಧಾರ ಇರುತ್ತದೆ, ಅಂದಮೇಲೆ ಆ ಔಷಧಗಳನ್ನು ನಂಬಿ ಬರೆಯಬಹುದಲ್ಲವೇ ಎಂದು ಕೇಳಿದ್ದೀರಿ. ನಾನು ಡೊಂಬಿವಲಿಯಲ್ಲಿ ಬಹಳ ವರ್ಷಗಳಿಂದ ಪ್ರಾಕ್ಟೀಸ್ ಮಾಡುತ್ತಿರುವ ಫಿಸಿಷಿಯನ್. ಆಧಾರ ಕೊಟ್ಟಿದ್ದಾರೆ ಎಂದಮಾತ್ರಕ್ಕೆ ನಂಬಬೇಡಿ, ಆ ಆಧಾರವನ್ನು ತೆರೆದು ಓದಿ.

ಸ್ಪೇನ್‌ನಲ್ಲಿ ಕೆಲವರು ಇದನ್ನೇ ಮಾಡಿದರು. ಬಿಪಿ ಮತ್ತು ಕೊಲೆಸ್ಟರಾಲ್ ಔಷಧಗಳ ಜಾಹೀರಾತುಗಳಲ್ಲಿ ಕೊಟ್ಟಿದ್ದ ಉಲ್ಲೇಖಗಳನ್ನು ಹುಡುಕಿ ತೆಗೆದು ಓದಿದರು. 2003ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಜರ್ನಲ್‌ನಲ್ಲಿ ಅದು ಬಂತು: ಕೈಗೆ ಸಿಕ್ಕ 102 ಉಲ್ಲೇಖಗಳಲ್ಲಿ ಶೇ 44ರಷ್ಟು ಜಾಹೀರಾತಿನ ಮಾತನ್ನು ಹೇಳುತ್ತಲೇ ಇರಲಿಲ್ಲ. ಹೆಚ್ಚಿನ ಕಡೆ ಅಧ್ಯಯನ ನಡೆದದ್ದು ಒಂದು ಬಗೆಯ ರೋಗಿಗಳ ಮೇಲೆ, ಜಾಹೀರಾತು ಔಷಧ ಬರೆಯಿರಿ ಎಂದದ್ದು ಇನ್ನೊಂದು ಬಗೆಯವರಿಗೆ.

ಸುಳ್ಳಿಲ್ಲದೆಯೂ ದಾರಿ ತಪ್ಪಿಸಬಹುದು. ಕೊಲೆಸ್ಟರಾಲ್ ಇಳಿಸುವ ಅಟೋರ್ವಾಸ್ಟಾಟಿನ್ ಹೃದಯಾಘಾತವನ್ನು ಶೇ 36ರಷ್ಟು ತಗ್ಗಿಸುತ್ತದೆ ಎಂಬುದು ಜಗತ್ತೆಲ್ಲ ಕೇಳಿದ ಮಾತು. ಅದರ ಹಿಂದಿನ ಅಧ್ಯಯನದಲ್ಲಿ, ಮೂರು ವರ್ಷ ಚಿಲ್ಲರೆ ಅವಧಿಯಲ್ಲಿ, ಹುಸಿಮಾತ್ರೆ ತಿಂದ 100 ಮಂದಿಯಲ್ಲಿ 3 ಜನಕ್ಕೆ ಹೃದಯಾಘಾತವಾದರೆ, ಔಷಧ ತಿಂದವರಲ್ಲಿ 2 ಜನಕ್ಕೆ ಆಯಿತು. ಎರಡು ಲೆಕ್ಕವೂ ನಿಜ: ಮೂರರಿಂದ ಎರಡಕ್ಕೆ ಇಳಿದದ್ದು ಸುಮಾರು ಮೂರನೆಯ ಒಂದು ಭಾಗ, ನೂರು ಜನರಲ್ಲಿ ನೋಡಿದರೆ ಒಬ್ಬರು. ನಾನೂ ಆ ಔಷಧ ಬರೆಯುತ್ತೇನೆ, ಬೇಕಾದವರಿಗೆ ಬರೆಯಲೇಬೇಕು. ಆದರೆ ಯಾರಿಗೆ ಬೇಕು ಎಂದು ತೀರ್ಮಾನಿಸಲು ನನಗೆ ಎರಡನೆಯ ಲೆಕ್ಕವೇ ಬೇಕು, ಚಾರ್ಟಿನಲ್ಲಿ ದೊಡ್ಡ ಅಕ್ಷರದಲ್ಲಿರುವುದು ಮೊದಲನೆಯದು. ಅಡ್ಡಪರಿಣಾಮದ ಸಾಲಿಗೆ ಬಂದಾಗ ಮಾತ್ರ "ನೂರಕ್ಕೆ ಒಬ್ಬರಿಗಷ್ಟೇ" ಎಂದು ಲೆಕ್ಕದ ಬಗೆಯೇ ಬದಲಾಗುವುದನ್ನೂ ಗಮನಿಸಿ.

ಈಚೆಗೆ ನನ್ನ ಮೇಜಿಗೆ ಬಂದ ಒಂದು ಎಲ್‌ಬಿಎಲ್ (ಎಂಆರ್ ಬಿಟ್ಟುಹೋಗುವ ಕರಪತ್ರ) ಬಗ್ಗೆ ಹೇಳುತ್ತೇನೆ. ಅಸಿಡಿಟಿಯ ಮಾತ್ರೆ. ಎರಡು ಕಂಬಗಳ ಚಿತ್ರ, ಒಂದು ಇನ್ನೊಂದರ ಎರಡರಷ್ಟು ಎತ್ತರ. ಪಕ್ಕದ ಅಳತೆ ಸೊನ್ನೆಯಿಂದಲ್ಲ, 80ರಿಂದ ಶುರುವಾಗಿತ್ತು. ಅಸಲಿಗೆ 92 ಮತ್ತು 86. ಹಳೆಯ ಔಷಧವನ್ನು ಅರ್ಧ ಡೋಸಿನಲ್ಲಿ ಕೊಟ್ಟು ಹೋಲಿಸಿದ್ದರು. ಕೆಳಗೆ, ಕನ್ನಡಕ ಹಾಕಿಕೊಂಡರೂ ಕಷ್ಟಪಟ್ಟು ಓದಬೇಕಾದ ಅಕ್ಷರದಲ್ಲಿ, "ಡೇಟಾ ಆನ್ ಫೈಲ್". ಅಂದರೆ ಅಧ್ಯಯನ ಇರುವುದು ಕಂಪನಿಯ ಕಪಾಟಿನಲ್ಲಿ, ನೀವೂ ನಾನೂ ಓದುವಂತಿಲ್ಲ.

ಇಂಥದ್ದರಿಂದ ಜನ ಸತ್ತಿದ್ದಾರೆ, ಅದಕ್ಕೇ ಇಷ್ಟು ಒತ್ತಿ ಹೇಳುವುದು. 1980ರಲ್ಲಿ ಅಮೆರಿಕದ ಜರ್ನಲ್ ಒಂದಕ್ಕೆ ಐದು ವಾಕ್ಯದ ಪತ್ರ ಬಂದಿತ್ತು: ಆಸ್ಪತ್ರೆಯಲ್ಲಿ ಮಲಗಿದ್ದಾಗ ಅಫೀಮು ಮೂಲದ ನೋವಿನ ಔಷಧ ಪಡೆದ 11,882 ಮಂದಿಯಲ್ಲಿ ಚಟ ಹತ್ತಿದ್ದು ನಾಲ್ವರಿಗೆ. ಮನೆಯಲ್ಲಿ ತಿಂಗಳುಗಟ್ಟಲೆ ನುಂಗುವವರಿಗೂ ಅದನ್ನೇ ಹೊಂದಿಸಿ "ಚಟದ ಭಯ ಶೇ 1ಕ್ಕಿಂತ ಕಡಿಮೆ" ಎಂದು ಔಷಧ ಕಂಪನಿಯವರು ವೈದ್ಯರಿಗೆ ಹೇಳಿಕೊಟ್ಟರು. ಆಕ್ಸಿಕಾಂಟಿನ್ ಎಂಬ ಇದೇ ಬಗೆಯ ನೋವಿನ ಮಾತ್ರೆ ತಯಾರಿಸಿದ ಪರ್ಡ್ಯೂ ಕಂಪನಿ, ಚಟದ ಅಪಾಯವನ್ನು ಕಡಿಮೆ ಮಾಡಿ ತೋರಿಸಿದ್ದಕ್ಕೆ 2007ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಬರೆದುಕೊಟ್ಟವರು ನಮ್ಮಂಥ ವೈದ್ಯರೇ.

ಈ ಕಡೆ ನಮ್ಮ ಭಾಷೆಯವರು ಎಂಆರ್ ಕೆಲಸದಲ್ಲಿ ಸಿಗುತ್ತಾರೆ. "ನಮಸ್ಕಾರ್ರೀ ಡಾಕ್ಟ್ರೇ, ನಮ್ದು ಧಾರವಾಡ" ಎಂದು ಒಬ್ಬ ಹುಡುಗ ಬ್ಯಾಗ್ ಇಳಿಸಿದರೆ ಮನಸ್ಸು ಕರಗುವುದು ಸಹಜ. ಕೂರಿಸಿ, ಚಹಾ ಕೊಡಿ. ಆ ಚಾರ್ಟ್ ಅವನು ಮಾಡಿದ್ದಲ್ಲ, ಅವನ ತಲೆಯ ಮೇಲೆ ಟಾರ್ಗೆಟ್ ಇದೆ. ಆದರೆ "ಪೂರ್ತಿ ಪೇಪರ್ ತಂದುಕೊಡಪ್ಪಾ, ಅಬ್‌ಸ್ಟ್ರಾಕ್ಟ್ ಸಾಲದು" ಎಂದು ಕೇಳಿ (ಅಬ್‌ಸ್ಟ್ರಾಕ್ಟ್ ಎಂದರೆ ಪೇಪರಿನ ಸಾರಾಂಶವಷ್ಟೇ). ತಂದರೆ ಮೂರು ವಿಷಯ ನೋಡಿ: ಯಾವ ರೋಗಿಗಳು, ಯಾವುದರ ಜೊತೆ ಎಷ್ಟು ಡೋಸಿನಲ್ಲಿ ಹೋಲಿಕೆ, ನೂರಕ್ಕೆ ಎಷ್ಟು ಮಂದಿಗೆ ಗುಣ.

ನಿಯಮವೂ ನಿಮ್ಮ ಪರ ಇದೆ. 2024ರ ಮಾರ್ಚ್‌ನಲ್ಲಿ ಕೇಂದ್ರದ ಔಷಧ ಇಲಾಖೆ ಹೊರಡಿಸಿದ ಯುಸಿಪಿಎಂಪಿ (ಔಷಧ ಪ್ರಚಾರಕ್ಕೆ ಸಂಬಂಧಿಸಿದ ನೀತಿ) ಸಂಹಿತೆಯ ಪ್ರಕಾರ, "ಸುರಕ್ಷಿತ" ಎಂಬ ಪದವನ್ನು ವಿವರಣೆಯಿಲ್ಲದೆ ಬಳಸುವಂತಿಲ್ಲ, ಅಡ್ಡಪರಿಣಾಮವೇ ಇಲ್ಲ ಎನ್ನುವಂತಿಲ್ಲ, ಭಾರತದಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ ಸಿಗುತ್ತಿರುವ ಔಷಧವನ್ನು "ಹೊಸದು" ಎನ್ನುವಂತಿಲ್ಲ. ಇವುಗಳಲ್ಲಿ ಯಾವುದನ್ನಾದರೂ ಮೀರಿದ ಕರಪತ್ರ ಬಂದರೆ ಬಿಸಾಡದೆ ಎತ್ತಿಡಿ, ಆ ಕಂಪನಿ ಸೇರಿರುವ ಔಷಧ ತಯಾರಕರ ಸಂಘದ ನೀತಿ ಸಮಿತಿಗೆ ದೂರು ಕೊಡಬಹುದು. ಮಾತ್ರೆ ತಿಂದ ರೋಗಿಗೆ ತೊಂದರೆಯಾಗಿದ್ದರೆ 1800-180-3024ಕ್ಕೆ ಫೋನ್ ಮಾಡಿ, ಅದು ಅಡ್ಡಪರಿಣಾಮ ವರದಿ ಮಾಡುವ ಸರ್ಕಾರಿ ಸಹಾಯವಾಣಿ.